ಸುಮ್ಮನೆ ನಿಂತ ಕೈ

ಕಳೆದ ವಾರ ಪುಣೆಯ ಹಿಂಜವಾಡಿಯಲ್ಲಿರುವ ನಮ್ಮ ಗೇಮ್ ಕಂಪನಿಯ ಆಫೀಸಿಗೆ ಒಂದು ದೊಡ್ಡ ಪೆಟ್ಟಿಗೆ ಬಂತು. ಯಾವುದೋ ಸ್ಟುಡಿಯೊ ಮುಚ್ಚುವಾಗ ಮಾರಿದ ಹಳೆಯ ಸಾಮಾನು. ಮುಚ್ಚಳ ತೆಗೆದ ಕೂಡಲೇ ಡಾಂಬರು ಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಒಳಗೆ ಮೈಗೆ ಅಂಟಿಕೊಳ್ಳುವಂಥ ಕರಿಯ ಸೂಟೊಂದನ್ನು ಮಡಚಿಟ್ಟಿದ್ದರು. ಜೊತೆಯವರು ಮೂಗು ಮುಚ್ಚಿಕೊಂಡು ಆಚೆ ಹೋದರು, ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಕಾಲೇಜಿನಲ್ಲಿ ನಮ್ಮ ಸರ್ ತಮ್ಮ ಸೂಟನ್ನು ಲ್ಯಾಬಿನ ಕಪಾಟಿನಲ್ಲಿ ಹೀಗೆಯೇ ಇಡುತ್ತಿದ್ದರು. ರೇಷ್ಮೆ ಸೀರೆ ಇಟ್ಟ ಹಾಗೆ, ಡಾಂಬರು ಗುಳಿಗೆ ಹಾಕಿ...

ಗೇಮ್ ಮತ್ತು ಗ್ರಾಫಿಕ್ಸ್ ಪ್ರೋಗ್ರಾಮಿಂಗ್ ಓದುತ್ತೇನೆ ಎಂದಾಗ ನಮ್ಮ ಮನೆಯಲ್ಲಿ ಯಾರಿಗೂ ಅದು ಓದು ಅನ್ನಿಸಲೇ ಇಲ್ಲ. ಅಪ್ಪನದು ಪುಣೆಯ ಪೇಟೆಯೊಳಗೆ ಇಳಕಲ್ ಸೀರೆಯ ಅಂಗಡಿ. "ಆಟ ಆಡೂದು ಕಲಿಯಾಕ ಯುನಿವರ್ಸಿಟಿ ಯಾಕ ಬೇಕವಾ? ಮನ್ಯಾಗ ಕುಂತ ಚಲೋನ ಕಲ್ತೀಯಲ್ಲ," ಅಂದರು. ಗಿರಾಕಿಗಳ ಮುಂದೆಯೂ ಅದನ್ನೇ ಹೇಳಿ ನಗುತ್ತಿದ್ದರು. ಆಡುವವರು ಗಳಿಗೆ ಹೊತ್ತು ನಗಬೇಕಾದರೆ ಮಾಡುವವರು ವರ್ಷಗಟ್ಟಲೆ ಗಣಿತ ಹಿಡಿದು ಅಳಬೇಕು ಅನ್ನುವುದು ಅಪ್ಪನಿಗೆ ಹೋಗಲಿ, ನನಗೇ ಗೊತ್ತಿರಲಿಲ್ಲ. ಪರದೆಯ ಮೇಲೆ ಒಂದು ತ್ರಿಕೋನ ಸರಿಯಾಗಿ ತಿರುಗಿಸುವಷ್ಟರಲ್ಲಿ ನಮ್ಮ ಕ್ಲಾಸಿನ ಅರ್ಧ ಜನ ಬೇರೆ ಕೋರ್ಸು ಹುಡುಕತೊಡಗಿದ್ದರು.

ಗ್ರಾಫಿಕ್ಸ್ ಕಲಿಸಲು ಬಂದವರೇ ಈ ಸರ್. ವಿಜಾಪುರದ ಕಡೆಯವರು. ಬಹಳ ವರ್ಷ ಕಂಪನಿಗಳಲ್ಲಿ ದುಡಿದು, ತಲೆ ನರೆತ ಮೇಲೆ ಕಲಿಸುವ ಹುಚ್ಚು ಹಿಡಿಸಿಕೊಂಡು ಬಂದಿದ್ದರು. ಕಾಯಂ ನೌಕರಿ ಅಲ್ಲ, ವರ್ಷ ವರ್ಷವೂ ಒಪ್ಪಂದ ಮುಂದುವರಿಸಬೇಕು. ಒಮ್ಮೆ ಲ್ಯಾಬಿನಲ್ಲಿ ನನ್ನ ಪ್ರೋಗ್ರಾಂ ಓಡದೆ ಸಿಟ್ಟು ಬಂದು, "ಏನ್ ಪೀಡಾ ಅದ ಇದು" ಎಂದು ಕಂಪ್ಯೂಟರನ್ನು ಬೈದುಕೊಂಡೆ. ಹಿಂದಿನಿಂದ ದನಿ ಬಂತು: "ಪೀಡಾ ಅದರಾಗ ಇಲ್ಲವಾ, ನೀ ಬರದದ್ದರಾಗ ಅದ. ಕುಣೀಲಾರದಾಕಿ ನೆಲ ಡೊಂಕ ಅಂದಿದ್ಲಂತ." ತಿರುಗಿ ನೋಡಿದರೆ ಸರ್. ಅಂದಿನಿಂದ ನನ್ನ ಜೊತೆ ಕನ್ನಡವೇ. ಸುತ್ತ ಎಲ್ಲರದೂ ಮರಾಠಿ, ಹಿಂದಿ. ನಮ್ಮ ಮಾತು ಅಲ್ಲಿ ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ.

ನಮ್ಮ ಕಾಲೇಜಿಗೆ ಮೋಷನ್ ಕ್ಯಾಪ್ಚರ್ ಲ್ಯಾಬ್ ಬೇಕಿತ್ತು, ಖರ್ಚು ಮಾತ್ರ ಬೇಡವಾಗಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ಸರ್ ಎಲ್ಲಿಂದಲೋ ಹಳೆಯ ಕ್ಯಾಮೆರಾಗಳನ್ನು ತಂದು ಗೋಡೆಯ ಸುತ್ತ ಕಟ್ಟಿದರು. ಅವನ್ನು ನಡೆಸುವ ಸಾಫ್ಟ್‌ವೇರನ್ನು ತಾವೇ ಕೂತು ಬರೆದರು. ಕೆಲಸ ಇಷ್ಟೇ: ಒಬ್ಬರು ಕರಿಯ ಸೂಟು ತೊಟ್ಟು, ಮೈತುಂಬ ಹೊಳೆಯುವ ಸಣ್ಣ ಗುಂಡುಗಳನ್ನು ಅಂಟಿಸಿಕೊಂಡು ಓಡಾಡಬೇಕು. ಕ್ಯಾಮೆರಾಗಳು ಆ ಗುಂಡುಗಳನ್ನು ಹಿಡಿಯುತ್ತವೆ, ಪರದೆಯ ಮೇಲೆ ಒಂದು ಬೂದು ಬಣ್ಣದ ಮನುಷ್ಯಾಕೃತಿ ಅವರ ಹಾಗೆಯೇ ಓಡಾಡುತ್ತದೆ. ನಟರನ್ನು ಕರೆಸುವ ಶಕ್ತಿ ಕಾಲೇಜಿಗೆ ಇರಲಿಲ್ಲವಾದ್ದರಿಂದ ಸೂಟು ಸರ್ ಪಾಲಿಗೆ ಬಂತು. ಬೊಜ್ಜಿನ ಮೈ, ದಾರ ಕಟ್ಟಿದ ಕನ್ನಡಕ, ಮೇಲೆ ಈ ವೇಷ. ಬೇರೆ ವಿಭಾಗದವರು ಕಿಟಕಿಯಲ್ಲಿ ಇಣುಕಿ ನಗುತ್ತಿದ್ದರು. "ನಗಲಿ ಬಿಡವಾ, ಹೊಟ್ಟಿ ನನ್ನದ ಅದ, ಅವರಪ್ಪಂದಲ್ಲ," ಅನ್ನುತ್ತಿದ್ದರು ಸರ್.

ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾವು ಕೆಲವರು ಸೇರಿ ಒಂದು ಆಟ ಕಟ್ಟಿದೆವು. ವಾಡೆಯಂಥ ಹಳೆಯ ದೊಡ್ಡ ಮನೆಯೊಂದರಲ್ಲಿ ತನ್ನ ಕೋಣೆ ಹುಡುಕುತ್ತ ತಿರುಗುವ ಒಬ್ಬ ಹಿರಿಯನ ಆಟ. ಆ ಹಿರಿಯನ ನಡಿಗೆಯೆಲ್ಲ ಸರ್ ನಡಿಗೆ. ಹತ್ತುವುದು, ಬಾಗುವುದು, ಬಾಗಿಲು ದೂಡುವುದು, ಎಲ್ಲ ಚೆನ್ನಾಗಿ ಬಂತು. ಆಡುವವರು ಏನನ್ನೂ ಒತ್ತದೆ ಇದ್ದಾಗ ಆಕೃತಿ ಸುಮ್ಮನೆ ನಿಂತಿರಬೇಕಲ್ಲ, ಅಲ್ಲಿ ತೊಡಕು ಶುರುವಾಯಿತು. ಸುಮ್ಮನೆ ನಿಂತಾಗ ಆಕೃತಿಯ ಬಲಗೈ ಸಣ್ಣಗೆ ನಡುಗುತ್ತಿತ್ತು. ಹಿಡಿದ ಚಲನೆಯಲ್ಲಿನ ಕಸ ತೆಗೆದು ಚೊಕ್ಕ ಮಾಡುವುದು ನನ್ನ ಪಾಲಿನ ಕೆಲಸ. ಹಾಗಾಗಿ ಮೊದಲು ನೋಡಿದವಳು ನಾನೇ.

ಕ್ಯಾಮೆರಾದ ತಪ್ಪು ಅಂದೆವು. ಕ್ಯಾಮೆರಾ ಬಿಚ್ಚಿ ಕಟ್ಟಿದೆವು. ಕೇಬಲ್ ಬದಲಿಸಿದೆವು, ಕಿಟಕಿಗೆ ಪರದೆ ಎಳೆದೆವು, ಫ್ಯಾನಿನಿಂದ ಗೋಡೆ ಅದುರುತ್ತದೆ ಎಂದು ಫ್ಯಾನು ನಿಲ್ಲಿಸಿ ಬೇಸಿಗೆಯಲ್ಲಿ ಬೆವರು ಸುರಿಸುತ್ತ ಕೂತೆವು. ನಡುಕ ಹೋಗಲಿಲ್ಲ. "ಸರಾಂಚ್ಯಾ ಹಾತಾತ್ ಬಗ್ ಆಹೇ," ಸರ್ ಕೈಯಲ್ಲೇ ಬಗ್ ಇದೆ, ದೋಷ ಇದೆ, ಅಂದ ನಮ್ಮ ಗುಂಪಿನವನೊಬ್ಬ. ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ಸರ್ ನಕ್ಕರು. ನಮಗೆ ಕಲಿಸಿದ್ದೇ ಹಾಗೆ... ಪರದೆಯ ಮೇಲೆ ಏನಾದರೂ ನಡುಗಿದರೆ ತಪ್ಪು ಯಂತ್ರದ್ದು, ಇಲ್ಲವೇ ನಾವು ಬರೆದದ್ದರದು. ಆ ಮನುಷ್ಯ ನಮ್ಮ ಎದುರಿಗೇ ನಿಂತಿದ್ದರು, ನಾವೆಲ್ಲ ಪರದೆ ನೋಡುತ್ತಿದ್ದೆವು.

ಒಂದು ರಜೆಯ ದಿನ ಮಧ್ಯಾಹ್ನ ಸರ್ ನನ್ನೊಬ್ಬಳನ್ನೇ ಲ್ಯಾಬಿಗೆ ಕರೆದರು. ಗುಂಡು ಅಂಟಿಸಿದ ತಮ್ಮ ಕೈಗವಸನ್ನು ನನ್ನ ಕೈಗೆ ತೊಡಿಸಿ, ತಾವು ನಿಲ್ಲುವ ಜಾಗದಲ್ಲಿ ಸುಮ್ಮನೆ ನಿಲ್ಲು ಅಂದರು. ಕೈಯ ಅಲುಗಾಟವನ್ನು ತೋರಿಸುವ ಗೆರೆ ಪರದೆಯ ಮೇಲೆ ನೆಟ್ಟಗೆ ಹೋಯಿತು. ಆಮೇಲೆ ಅದೇ ಕೈಗವಸು ತಾವು ತೊಟ್ಟು ನಿಂತರು. ಗೆರೆ ಅಲೆ ಅಲೆಯಾಯಿತು. ಮತ್ತೆ ನನ್ನನ್ನು ನಿಲ್ಲಿಸಿದರು, ಮತ್ತೆ ನೆಟ್ಟಗೆ. ಸರ್ ಬಹಳ ಹೊತ್ತು ಪರದೆಯನ್ನೇ ನೋಡಿದರು.

"ಕ್ಯಾಮೆರಾ ಭಾಳ ಚಲೋ ಅವ," ಅಂದರು.

ಆಗ ಮೊದಲ ಸಲ ನಾನು ಪರದೆ ಬಿಟ್ಟು ಅವರ ಕೈ ನೋಡಿದೆ. ಹೆಬ್ಬೆರಳೂ ತೋರುಬೆರಳೂ ಒಂದಕ್ಕೊಂದು ಸಣ್ಣಗೆ ಉಜ್ಜಿಕೊಳ್ಳುತ್ತಿದ್ದವು, ಜೇಜುರಿ ದೇವರ ಅರಿಸಿನ ಭಂಡಾರ ಚಿಟಿಕೆಯಲ್ಲಿ ಹಿಡಿದವರ ಹಾಗೆ. ನನಗೆ ಅಳು ಬಂತು. ಸರ್ ಕುರ್ಚಿ ಎಳೆದುಕೊಂಡು ಕೂತರು. ಡಾಕ್ಟರು ದೀಪಾವಳಿಗೆ ಮುಂಚೆಯೇ ಇದು ಕಂಪವಾತ ಎಂದು ಹೇಳಿದ್ದರಂತೆ, ಮಾತ್ರೆಯನ್ನೂ ಕೊಟ್ಟಿದ್ದರಂತೆ. ಇವರು ಮಾತ್ರೆ ಮುಟ್ಟಿರಲಿಲ್ಲ. "ಡಾಕ್ಟರ್ ತಪ್ಪ ಮಾಡ್ಯಾನ ಅಂತ ತಿಳ್ಕೊಂಡಿದ್ದೆ. ಆದ್ರ ಇದನ್ನ ನಾನ ಬರದೇನಿ. ಇದು ಸುಳ್ಳ ಹೇಳೂದಿಲ್ಲ."

ಆಮೇಲೆ ಅವರು ಕೇಳಿದ್ದು ಒಂದೇ. ವರ್ಷದ ಕೊನೆಗೆ ನಮ್ಮ ವಿಭಾಗದ ಪ್ರದರ್ಶನ. ಅದು ಚೆನ್ನಾಗಿ ನಡೆದರೆ ಅವರ ನೌಕರಿ ಕಾಯಂ, ಲ್ಯಾಬು ಅವರ ಕೈಯಲ್ಲೇ. ಕೈ ನಡುಗುವ ಸುದ್ದಿ ಮೊದಲೇ ಹೊರಬಿದ್ದರೆ ಮನೆಗೆ ಕಳಿಸುತ್ತಾರೆ ಎಂಬುದು ಅವರ ಹೆದರಿಕೆ. ಪ್ರದರ್ಶನದ ದಿನ ಅವರು ಸೂಟು ತೊಟ್ಟು ಎಲ್ಲರೆದುರು ನಿಲ್ಲಬೇಕಿತ್ತು, ಗೋಡೆಯಷ್ಟು ಪರದೆಯ ಮೇಲೆ ಆಕೃತಿ ಅದೇ ಕ್ಷಣಕ್ಕೆ ಅಲುಗಬೇಕಿತ್ತು. ಸಣ್ಣ ಪರದೆಯಲ್ಲಿ ನಮಗೆ ಕಂಡ ನಡುಕ ಅಲ್ಲಿ ಊರಿಗೇ ಕಾಣುತ್ತದೆ. "ಕೈ ಸುಮ್ಮನ ನಿಂದ್ರಸಬೇಕು. ಮಾಡ್ತೀಯೇನವಾ?" ಅಂದರು. ನಾನು ಆಗಲಿ ಅಂದೆ.

ನಡುಕವನ್ನು ತೆಗೆಯಬಹುದು. ಆದರೆ ಅದಕ್ಕೊಂದು ತೆರಿಗೆ ಇದೆ. ಯಾವುದು ನಿಜವಾದ ಚಲನೆ, ಯಾವುದು ನಡುಕ ಎಂದು ತಿಳಿಯಲು ಕಂಪ್ಯೂಟರು ಸ್ವಲ್ಪ ಕಾದು ನೋಡಬೇಕು. ಕಾದಷ್ಟೂ ಕೈ ಚೊಕ್ಕ, ಕಾದಷ್ಟೂ ಆಕೃತಿ ತಡ. ಸರ್ ಕೈ ಎತ್ತಿದ ಮೇಲೆ ಆಕೃತಿ ಯೋಚಿಸಿ ಕೈ ಎತ್ತಿದ ಹಾಗೆ ಕಾಣುತ್ತಿತ್ತು. ಎಲ್ಲರೂ ಸುತ್ತ ಇರುವಾಗಲೇ ನಾವಿಬ್ಬರೂ ಕನ್ನಡದಲ್ಲಿ ಮಾತಾಡಿಕೊಂಡು ಕೆಲಸ ಮಾಡುತ್ತಿದ್ದೆವು. "ಇನ್ನೂ ಕಾಣತದೇನು?" "ಸ್ವಲ್ಪ ಕಾಣತದ್ರಿ ಸರ." ಜೊತೆಯವರು ಇದು ಊರ ಕಡೆಯ ಸುದ್ದಿ ಅಂದುಕೊಳ್ಳುತ್ತಿದ್ದರು. ಸ್ವಲ್ಪ ನಡುಕ ಬಿಡೋಣ, ತಡ ಕಡಿಮೆಯಾಗುತ್ತದೆ, ನೋಡುವವರು ಕ್ಯಾಮೆರಾದ ತಪ್ಪು ಅಂದುಕೊಳ್ಳುತ್ತಾರೆ ಎಂದು ನಾನು ಗೋಗರೆದೆ. ಕೇಳಲಿಲ್ಲ. "ತಡಾ ಆದ್ರ ಸಾಫ್ಟ್‌ವೇರ್ ಸರಿ ಇಲ್ಲ ಅಂತಾರ. ಅನ್ನಲಿ," ಅಂದರು.

ಪ್ರದರ್ಶನದ ದಿನ ಸಭಾಂಗಣ ತುಂಬಿತ್ತು. ವಿಭಾಗದ ಮುಖ್ಯಸ್ಥರು, ಕಂಪನಿಗಳಿಂದ ಬಂದವರು, ನಮ್ಮ ಅಪ್ಪ ಅಮ್ಮಂದಿರು. ಸರ್ ವೇದಿಕೆಯ ಒಂದು ಬದಿಗೆ ಸೂಟು ತೊಟ್ಟು ನಿಂತರು, ನಾನು ಕಂಪ್ಯೂಟರಿನ ಮುಂದೆ. ಅವರು ಕೈ ಮುಗಿದರು. ಆಕೃತಿ ತಡವಾಗಿ ಕೈ ಮುಗಿಯಿತು. ಜನ ಮೊದಲು ತಮಾಷೆ ಅಂದುಕೊಂಡು ನಕ್ಕರು. ಎರಡು ಹೆಜ್ಜೆ ನಡೆದಾಗ ಪಿಸುಮಾತು ಎದ್ದಿತು. ಕಂಪನಿಯವರೊಬ್ಬರು ಈ ತಡ ಯಾಕೆ ಎಂದು ಕೇಳಿಯೇ ಬಿಟ್ಟರು. ಮುಖ್ಯಸ್ಥರ ಮುಖ ಹುಳ್ಳಗಾಯಿತು.

ನನ್ನ ಬೆರಳ ಕೆಳಗೆ ಒಂದು ಕೀಲಿ ಇತ್ತು. ಅದನ್ನು ಒತ್ತಿದರೆ ನಡುಕ ತೆಗೆಯಲು ನಾನು ಸೇರಿಸಿದ್ದೆಲ್ಲ ಕಳಚಿ, ಸರ್ ಬರೆದದ್ದು ಬರೆದ ಹಾಗೆ ಓಡುತ್ತಿತ್ತು. ಕೂದಲೆಳೆಯಷ್ಟೂ ತಡವಿಲ್ಲದೆ. ಅಂಥ ಕೆಲಸವನ್ನು ಆ ಸಭಾಂಗಣದಲ್ಲಿ ಇನ್ನೊಬ್ಬರು ಮಾಡಿ ತೋರಿಸಲಿ ನೋಡೋಣ ಅನ್ನಿಸಿ ಮೈಯೆಲ್ಲ ಉರಿಯಿತು. ಸರ್ ನನ್ನ ಕಡೆ ತಿರುಗಿದರು. "ಬ್ಯಾಡವಾ," ಅಂದರು. ಯಾರಿಗೂ ತಿಳಿಯಲಿಲ್ಲ. ಆಮೇಲೆ ಅವರು ಸಭೆಗೆ, ಸಾಫ್ಟ್‌ವೇರ್ ನಾನು ಬರೆದದ್ದು, ಅದು ಇನ್ನೂ ಪಕ್ವವಾಗಿಲ್ಲ, ದಯವಿಟ್ಟು ಕ್ಷಮಿಸಿ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಹೇಳಿ ಸುಮ್ಮನೆ ನಿಂತರು. ಪರದೆಯ ಮೇಲೆ ಆ ದೊಡ್ಡ ಬೂದು ಕೈ ಕಲ್ಲಿನ ಹಾಗೆ ಅಲುಗದೆ ಇಳಿಬಿದ್ದಿತ್ತು. ಪಕ್ಕದಲ್ಲೇ ಅವರ ಕೈ ನಡುಗುತ್ತಿತ್ತು, ಅದನ್ನು ಯಾರೂ ನೋಡಲಿಲ್ಲ.

ನಮ್ಮ ಆಟಕ್ಕೆ ಒಳ್ಳೆಯ ಅಂಕ ಬಂತು, ಅದರ ಬಲದಿಂದಲೇ ನನಗೆ ಕೆಲಸವೂ ಸಿಕ್ಕಿತು. ಸರ್‌ಗೆ ಏನು ಸಿಕ್ಕಿತು? ಸಿದ್ಧ ಸಾಫ್ಟ್‌ವೇರನ್ನೇ ಹೊರಗಿನಿಂದ ಕೊಳ್ಳುವುದೆಂದು ಕಾಲೇಜು ತೀರ್ಮಾನಿಸಿತು, ಅವರ ಒಪ್ಪಂದ ಮುಂದುವರಿಯಲಿಲ್ಲ. ರೋಗ ಇದೆ ಎಂದು ಹೇಳಿದ್ದರೆ ಬಹುಶಃ ಉಳಿಸಿಕೊಳ್ಳುತ್ತಿದ್ದರೇನೋ... ಕಳಿಸುತ್ತಿದ್ದರೇನೋ, ಯಾರಿಗೆ ಗೊತ್ತು. ರೋಗಿ ಅನ್ನಿಸಿಕೊಳ್ಳುವುದಕ್ಕಿಂತ ಕೆಲಸ ಬಾರದವ ಅನ್ನಿಸಿಕೊಳ್ಳುವುದು ಮೇಲು ಎಂದು ಆ ಮನುಷ್ಯ ಯಾಕೆ ಅಂದುಕೊಂಡರೋ ನನಗೆ ಇಂದಿಗೂ ಅರ್ಥವಾಗಿಲ್ಲ. ಅವರ ಮೇಲೆ ಸಿಟ್ಟು ಇನ್ನೂ ಹೋಗಿಲ್ಲ. ಪ್ರೀತಿಯೂ ಹೋಗಿಲ್ಲ.

ಆಮೇಲೆ ಸಿಂಹಗಡ ರಸ್ತೆಯ ಅವರ ಮನೆಗೆ ಆಗಾಗ ಹೋಗುತ್ತಿದ್ದೆ. ಸರ್ ಮಾತು ಕಡಿಮೆಯಾಗುತ್ತ ಬಂತು, ಹೆಜ್ಜೆ ಚಿಕ್ಕದಾಗುತ್ತ ಬಂತು. ಅವರ ಹೆಂಡತಿ, ನಾನು ಕಾಕು ಅನ್ನುತ್ತಿದ್ದೆ, ಹಿಂದಿನಿಂದ ಭುಜ ಹಿಡಿದು ನಡೆಸುತ್ತಿದ್ದರು. ಹೋದ ಮಳೆಗಾಲದಲ್ಲಿ ಜ್ವರ ಬಂದದ್ದೇ ನೆಪವಾಯಿತು, ಸರ್ ಹೋದರು.

ಆಫೀಸಿಗೆ ಆ ಪೆಟ್ಟಿಗೆ ಬಂದ ಮೇಲೆ ಮನಸ್ಸು ತಡೆಯಲಿಲ್ಲ. ಈ ಭಾನುವಾರ ಕಾಕುಗೆ ಫೋನ್ ಮಾಡಿ, ಲ್ಯಾಪ್‌ಟಾಪ್ ಹಿಡಿದುಕೊಂಡು ಹೋದೆ. "ಅವರು ನಡಿಯೂದು ನಿನ್ನ ಕಡೆ ಅದ ಅಂತ ಹೇಳತಿದ್ರು. ತೋರ್ಸವಾ," ಅಂದರು ಕಾಕು. ನಮ್ಮ ಹಳೆಯ ಆಟ ತೆರೆದೆ. ಬೂದು ಬಣ್ಣದ ಆಕೃತಿ ನಾಲ್ಕು ಹೆಜ್ಜೆ ಇಟ್ಟಿತು. ಮುಖ ಇಲ್ಲ, ಕನ್ನಡಕ ಇಲ್ಲ, ಹೊಟ್ಟೆಯೂ ಇಲ್ಲ. ಆದರೂ ಕಾಕು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಅವರೇ. ಎಡಗಡೆ ಹಂಗ ವಾಲತಿದ್ರು," ಅಂದರು. ಆಕೃತಿ ನಡೆದು ನಡೆದು ಒಂದು ಬಾಗಿಲ ಮುಂದೆ ಸುಮ್ಮನೆ ನಿಂತಿತು.

ಕಾಕು ಮುಂದೆ ಬಾಗಿ ನೋಡಿದರು. "ಕೈ ಯಾಕ ಹಿಂಗ ಅದ?"

"ಸರ ಹೇಳಿದ್ರು ಕಾಕು. ನಡುಕ ತಗದೇವಿ."

ಅವರು ಪರದೆಯ ಮೇಲಿನ ಆ ಕೈಯನ್ನು ಬೆರಳಿನಿಂದ ಮುಟ್ಟಿದರು. ಆಮೇಲೆ ನನಗೆ ಹೇಳುತ್ತಿದ್ದಾರೋ ಆ ಆಕೃತಿಗೆ ಹೇಳುತ್ತಿದ್ದಾರೋ ತಿಳಿಯದ ಹಾಗೆ ಮೆಲ್ಲಗೆ ಹೇಳಿದರು. "ನಿದ್ದಿ ಹತ್ತಿದಾಗಷ್ಟ ಅದು ನಿಂದರತಿತ್ತು. ಹಿಡ್ಕೊಂಡ ಮಲಗತಿದ್ದೆ ನಾ. ಮುಂಜಾನೆ ನಡುಗ್ಲಿಕ್ಕೆ ಹತ್ತಿತಂದ್ರ ಎಚ್ಚರಾದ್ರು ಅಂತ ತಿಳದು ಎದ್ದು ಚಹಾಕ್ಕ ಇಡತಿದ್ದೆ. ಅವತ್ತೂ ಹಿಡ್ಕೊಂಡ ದಾರಿ ನೋಡಿದೆ... ನಡುಗಲೇ ಇಲ್ಲ."

ನಡುಗುವ ಕೈ ಇದರಲ್ಲಿ ಎಲ್ಲಾದರೂ ಇದೆಯೇ ಎಂದು ಕೇಳಿದರು. ಇಲ್ಲ ಅಂದೆ. ಕ್ಯಾಮೆರಾಗಳು ಮೊದಲು ಹಿಡಿದಿದ್ದನ್ನೆಲ್ಲ ಮುಂದಿನ ಬ್ಯಾಚಿಗೆ ಜಾಗ ಬೇಕೆಂದು ಕಾಲೇಜಿನಲ್ಲಿ ಅಳಿಸಿಹಾಕಿದ್ದರು. ಬೇಕಾದರೆ ಒಂದು ನಡುಕವನ್ನು ನಾನು ಅಲ್ಲೇ ಕೂತು ಬರೆದು ಸೇರಿಸಬಹುದಿತ್ತು, ಅದು ನನ್ನ ದಿನನಿತ್ಯದ ಕೆಲಸ. ಆ ಮಾತು ಬಾಯಿಗೆ ಬರಲಿಲ್ಲ. ಸರ್‌ಗೆ ಬೇಕಾಗಿದ್ದ ಕೈ ನನ್ನ ಹತ್ತಿರ ಇದೆ, ಕಾಕುಗೆ ಬೇಕಾದದ್ದು ಎಲ್ಲಿಯೂ ಇಲ್ಲ.

"ಹಂಗ ನಿಂದ್ರಸಬ್ಯಾಡವಾ ಅವರನ್ನ," ಅಂದರು ಕಾಕು. "ನಡಕೋತ ಇರಲಿ."

ನಾನು ಆಕೃತಿಯನ್ನು ಮತ್ತೆ ನಡೆಸಿದೆ. ನಿಲ್ಲದ ಹಾಗೆ ಮಾಡಿ, ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿ ಇಟ್ಟೆ.