ಸೀರೆಯ ಸೊಂಟಕ್ಕೊಂದು ಪಿಸ್ತೂಲು

ನನ್ನ ಗಂಡ ಮನೆಯೊಳಗೆ ಬಂದ ಜೇಡವನ್ನೂ ಕೊಲ್ಲುವುದಿಲ್ಲ. ಅದರ ಮೇಲೆ ಲೋಟ ಮುಚ್ಚಿ, ಕೆಳಗಿನಿಂದ ಕಾಗದ ತೂರಿಸಿ, ಹಿತ್ತಲಿಗೆ ಒಯ್ದು, ಗುಲಾಬಿ ಗಿಡದ ಬುಡದಲ್ಲಿ ಬಿಟ್ಟು, "ಹೋಗಪ್ಪ, ಇನ್ಮೇಲೆ ಒಳಗ್ ಬರ್ಬೇಡ" ಎಂದು ಬುದ್ಧಿ ಹೇಳಿ ಬರುವ ಮನುಷ್ಯ. ಅಂಥವರಿಗೆ ಒಂದು ಶನಿವಾರ ಬೆಳಿಗ್ಗೆ ಇಡ್ಲಿ ತಿನ್ನಿಸಿ, ಕಾರಿನಲ್ಲಿ ಕೂರಿಸಿಕೊಂಡು ಬಂದೂಕಿನ ಅಂಗಡಿಗೆ ಕರೆದುಕೊಂಡು ಹೋದೆ. ಅಂಗಡಿಯ ಬಾಗಿಲಲ್ಲಿ ಅವರು, "ಚಪ್ಪಲಿ ಹೊರಗಡೆ ಬಿಡ್ಬೇಕೇನೇ?" ಎಂದರು. ಹೆದರಿದಾಗ ಅವರಿಗೆ ಎಲ್ಲ ಜಾಗವೂ ದೇವಸ್ಥಾನವೇ.

ಪಿಸ್ತೂಲು ಬೇಕಾಗಿದ್ದು ಅವರಿಗಲ್ಲ, ನನಗೆ. ನಾನು ಮನೆ ಮಾರಿಸುವ ಏಜೆಂಟು. ನಮ್ಮ ವಾಸ ಕಾರ್ಲ್ಸ್‌ಬಾಡ್‌ನಲ್ಲಾದರೂ ನಮ್ಮ ಕಡೆಯವರು ಎಲ್ಲಿ ಮನೆ ಹುಡುಕುತ್ತಾರೋ ಅಲ್ಲಿಗೆಲ್ಲ ಕಾರು ಓಡಿಸುತ್ತೇನೆ. ಬಾಗಿಲು ಪೂರ್ವಕ್ಕಿರಬೇಕು, ಒಲೆ ಆಗ್ನೇಯಕ್ಕಿರಬೇಕು, ಸ್ಕೂಲು ಚೆನ್ನಾಗಿರಬೇಕು, ಇಂಡಿಯನ್ ಸ್ಟೋರ್ ಹತ್ತಿರವಿರಬೇಕು, ಬೆಲೆ ಮಾತ್ರ ಮೂರು ವರ್ಷದ ಹಿಂದಿನದಿರಬೇಕು. ಇಂಥವರ ಜೊತೆ ಏಗಿ ಏಗಿ ನನ್ನ ನಾಲಿಗೆ ಹರಿತವಾಗಿದೆ. ಈ ದೇಶಕ್ಕೆ ನಾನು ಬಂದದ್ದು ಗಂಡನ ವೀಸಾದ ಬಾಲ ಹಿಡಿದುಕೊಂಡು. ಆದರೆ ಈ ಕೆಲಸ ಮಾತ್ರ ನನ್ನ ಬಾಯಿಂದ ನಾನೇ ಸಂಪಾದಿಸಿದ್ದು. ಅದರ ಮೇಲೆ ನನಗೆ ವಿಪರೀತ ಪ್ರೀತಿ.

ವೆಸ್ಟ್ ಕೊವಿನಾದಲ್ಲಿ ಒಂದು ಖಾಲಿ ಮನೆಯನ್ನು ನೋಡಬಂದವರಿಗೆಲ್ಲ ತೋರಿಸಲು ಇಡೀ ಮಧ್ಯಾಹ್ನ ತೆರೆದಿಟ್ಟುಕೊಂಡು ಕೂತಿದ್ದೆ. ಒಬ್ಬ ಬಂದ. ನೀಟಾದ ಶರ್ಟು, ನೀಟಾದ ಮಾತು. ಮಹಡಿಯ ಮಲಗುವ ಕೋಣೆ ತೋರಿಸಿ ತಿರುಗಿದರೆ ಅವನು ಬಾಗಿಲಿಗೆ ಅಡ್ಡ ನಿಂತು, ಹಿಂದೆ ಕೈಹಾಕಿ ಚಿಲಕ ತಿರುಗಿಸಿದ. ನನ್ನನ್ನೇ ನೋಡುತ್ತ ಸುಮ್ಮನೆ ನಿಂತ. ನನ್ನ ಹರಿತವಾದ ನಾಲಿಗೆ ಅಂಗುಳಿಗೆ ಅಂಟಿಕೊಂಡಿತು. ಆಗ ಕೆಳಗೆ ಮುಂಬಾಗಿಲು ತೆರೆದು ಯಾರೋ ದಂಪತಿ "ಹಲೋ" ಎಂದು ಕೂಗಿದರು. ಅವನು ಚಿಲಕ ತೆಗೆದು, ಥ್ಯಾಂಕ್ಸ್ ಹೇಳಿ, ಮೆಟ್ಟಿಲಿಳಿದು ಹೋದ. ಅಷ್ಟೇ. ಪೊಲೀಸರಿಗೆ ಹೇಳೋಣವೆಂದರೆ ಆದದ್ದಾದರೂ ಏನು?

ಏನೂ ಆಗಿರಲಿಲ್ಲ. ಆದರೆ ಆಮೇಲೆ ನನಗೆ ಖಾಲಿ ಮನೆಯ ಹೊಸ್ತಿಲು ದಾಟಲಾಗಲಿಲ್ಲ. ಬೀಗದ ಕೈ ಇಟ್ಟು ಬಾಗಿಲಿಗೆ ನೇತುಹಾಕಿರುವ ಬೀಗದ ಪೆಟ್ಟಿಗೆಗೆ ಕೈಹಾಕಿದರೆ ಅಂಗೈ ಬೆವರುತ್ತಿತ್ತು. ನನ್ನ ಗಿರಾಕಿಗಳನ್ನು ಒಬ್ಬೊಬ್ಬರಾಗಿ ಆಫೀಸಿನ ಬೇರೆಯವರಿಗೆ ದಾಟಿಸತೊಡಗಿದೆ. ಬೆನ್ನು ನೋವು, ಟ್ರಾಫಿಕ್ಕು, ಸೊಸೈಟಿಯ ಮೀಟಿಂಗು ಎಂದು ದಿನಕ್ಕೊಂದು ನೆಪ. ಗಂಡನಿಗೂ ನಿಜ ಹೇಳಲಿಲ್ಲ. ಹೇಳಿದ್ದರೆ "ಬಿಟ್ಬಿಡೆ, ಆರಾಮಾಗಿ ಮನೇಲಿರು" ಎನ್ನುತ್ತಿದ್ದರು. ಪ್ರೀತಿಯಿಂದಲೇ ಎನ್ನುತ್ತಿದ್ದರು, ನಾನೂ ಬಿಟ್ಟುಬಿಡುತ್ತಿದ್ದೆ. ಅದೇ ನನಗಿದ್ದ ಹೆದರಿಕೆ. ಆ ಹೊತ್ತಿಗೆ ಇಲ್ಲಿ ಸಾಮಾನ್ಯರಿಗೂ ಪಿಸ್ತೂಲನ್ನು ಬಟ್ಟೆಯೊಳಗೆ ಮುಚ್ಚಿಟ್ಟುಕೊಂಡು ಓಡಾಡುವ ಪರ್ಮಿಟ್ ಸಿಗತೊಡಗಿತ್ತು. "ಈ ಕೆಲಸದಲ್ಲಿರೋ ಹೆಂಗಸ್ರೆಲ್ಲ ಇಟ್ಕೋತಾರೆ ಕಣ್ರೀ" ಎಂದು ಗಂಡನಿಗೆ ಅರ್ಧ ನಿಜ ಹೇಳಿ ಅಪ್ಲೈ ಮಾಡಿದೆ.

ಅಂಗಡಿಯ ಹುಡುಗ ನನ್ನನ್ನು ನೋಡಿದ್ದೇ ತಡ, ಗಾಜಿನ ಕೆಳಗಿನಿಂದ ಗುಲಾಬಿ ಬಣ್ಣದ ಪುಟಾಣಿ ಪಿಸ್ತೂಲೊಂದನ್ನು ತೆಗೆದಿಟ್ಟ. ಹೆಂಗಸರಿಗೆ ಇದೇ ಇಷ್ಟವಂತೆ. ನನಗೆ ಮೈ ಉರಿಯಿತು. ಹೇರ್ ಕ್ಲಿಪ್ ಕೊಳ್ಳಲು ಬಂದಿದ್ದೇನೆ ಅಂದುಕೊಂಡನೇ? ಆದರೂ ಕೈಯಲ್ಲಿ ಹಿಡಿದು ನೋಡಿದೆ. ಚೆನ್ನಾಗಿಯೇ ಇತ್ತು, ಪರ್ಸಿನ ಮೂಲೆಯಲ್ಲಿ ಕುಂಕುಮದ ಭರಣಿಯಂತೆ ಅಡಗಿ ಕೂರುವಷ್ಟು ಚಿಕ್ಕದು. ಪಕ್ಕದಲ್ಲೇ ಬಾಡಿಗೆಗೆ ಪಡೆದು ಹೊಡೆದು ನೋಡುವ ಜಾಗವಿತ್ತು. ಒಂದು ಸಲ ಹೊಡೆದೆ. ಮಣಿಕಟ್ಟು ಮುರಿದೇಹೋಯಿತೇನೋ ಅನ್ನಿಸಿತು. ಚಿಕ್ಕದಾದಷ್ಟೂ ಒದೆತ ಜಾಸ್ತಿಯಂತೆ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎನ್ನುತ್ತಾರಲ್ಲ, ಆ ಕೀರ್ತಿಯೆಲ್ಲ ನನ್ನ ಕೈಗೇ ಬಂತು.

ಆಮೇಲೆ ದೊಡ್ಡದೊಂದನ್ನು ಕೊಟ್ಟರು. ಹೊಡೆಯಲು ಸಲೀಸು, ಗುರಿಯೂ ಸಿಕ್ಕಿತು. ಆದರೆ ಅದನ್ನು ಬಚ್ಚಿಡಬೇಕಾದರೆ ನಾನು ಕಂಬಳಿ ಹೊದ್ದು ಓಡಾಡಬೇಕು. ಕೊನೆಗೆ ನಡುವಿನದೊಂದು ಸಿಕ್ಕಿತು. ಕರಿಯದು, ಒಂದಿಷ್ಟೂ ಅಂದಚಂದವಿಲ್ಲ. ಕಿರುಬೆರಳು ಹೊರಗೆ ಜೋತಾಡದಂತೆ ಹಿಡಿಗೆ ಸರಿಯಾಗಿ ಕೂತಿತು. ಮೇಲಿನ ಭಾಗವನ್ನು ಹಿಂದಕ್ಕೆಳೆದು ಬಿಡಬೇಕು, ಆಗಲೇ ಗುಂಡು ಒಳಗೆ ಹೋಗುವುದು. ಗಂಡ ಖಾಲಿ ಪಿಸ್ತೂಲನ್ನು ಹಿಡಿದು ಎಳೆದೇ ಎಳೆದರು, ಅದು ಅಲ್ಲಾಡಲಿಲ್ಲ. ನಾನು ಎಳೆದೆ, ಸರಕ್ಕನೆ ಬಂತು. ಹಬ್ಬಕ್ಕೆ ಹಬ್ಬಕ್ಕೆ ಚಕ್ಕುಲಿ ಒರಳು ತಿರುವಿದ ಕೈ ಇದು. ಅಂಗಡಿಯ ಹುಡುಗ "ವಾವ್" ಎಂದ. ನನ್ನವರು ಕಾಗದದ ಗುರಿಗೆ ಒಂದೇ ಒಂದು ಗುಂಡು ಹೊಡೆದು, ಅದಕ್ಕೇ "ಸಾರಿ" ಹೇಳಿ, ಹೊರಗೆ ಹೋಗಿ ಕೂತರು.

ಪಿಸ್ತೂಲು ಆರಿಸುವುದು ಸುಲಭ. ಒರೆ ಆರಿಸುವುದೇ ಕಷ್ಟ. ಒರೆಯೆಂದರೆ ಪಿಸ್ತೂಲು ಕೂರುವ ಚೀಲ, ಇಲ್ಲಿಯವರ ಬಾಯಲ್ಲಿ ಹೋಲ್ಸ್ಟರ್. ಪರ್ಮಿಟ್ಟಿಗೆ ತರಬೇತಿ ಕಡ್ಡಾಯ. ನನಗೆ ಕಲಿಸಿದವರು ಪೊಲೀಸಿನಿಂದ ರಿಟೈರ್ ಆದ ಒಬ್ಬ ಹೆಂಗಸು. ಕುದುರೆಯನ್ನು, ಅಂದರೆ ಬೆರಳಿನಿಂದ ಎಳೆಯುವ ಟ್ರಿಗರನ್ನು, ಒರೆ ಪೂರ್ತಿ ಮುಚ್ಚಬೇಕು, ತಲೆಕೆಳಗಾದರೂ ಪಿಸ್ತೂಲು ಬೀಳಬಾರದು, ಬಟ್ಟೆಯ ಮೇಲೆ ಉಬ್ಬು ಕಾಣಬಾರದು ಎಂದರು. ಹಾಕಿಕೊಂಡು ಕೂತು ನೋಡಿ, ಎದ್ದು ನೋಡಿ, ಬಗ್ಗಿ ನೋಡಿ ಎಂದರು. ನಾನು ಅಲ್ಲೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಹೊಟ್ಟೆಯ ಮುಂದಿಟ್ಟುಕೊಳ್ಳುವ ಒರೆ ಪಕ್ಕೆಲುಬಿಗೆ ತಿವಿಯಿತು. ಅವರು ಗಾಬರಿಯಾಗಿ, ನೀವು ಹೀಗೆ ನೆಲದ ಮೇಲೆ ಯಾವಾಗ ಕೂರುತ್ತೀರಿ ಎಂದು ಕೇಳಿದರು. ವಾರಕ್ಕೊಂದು ಸತ್ಯನಾರಾಯಣ ಪೂಜೆ ಇರುತ್ತೆ ಎಂದು ಅವರಿಗೆ ಹೇಗೆ ವಿವರಿಸಲಿ?

ಪರ್ಸಿನಲ್ಲಿಟ್ಟುಕೊಳ್ಳುತ್ತೇನೆ ಎಂದೆ. ಪರ್ಸು ಯಾವಾಗಲೂ ನಿಮ್ಮ ಕೈಯಲ್ಲೇ ಇರುತ್ತದೆಯೇ ಎಂದರು. ಇಲ್ಲಿನ ನಮ್ಮ ಮನೆಗಳ ಪದ್ಧತಿ ನನಗೆ ಗೊತ್ತಿಲ್ಲವೇ? ಯಾರ ಮನೆಯ ಸಮಾರಂಭಕ್ಕೆ ಹೋದರೂ ಹೆಂಗಸರ ಪರ್ಸುಗಳೆಲ್ಲ ಮಲಗುವ ಕೋಣೆಯ ಮಂಚದ ಮೇಲೆ ರಾಶಿ ಬೀಳುತ್ತವೆ. ಅದೇ ಮಂಚದ ಮೇಲೆ ಊರಿನ ಮಕ್ಕಳೆಲ್ಲ ಕುಣಿಯುತ್ತಿರುತ್ತಾರೆ. ಪರ್ಸಿನ ಮಾತು ಅಲ್ಲಿಗೇ ಬಿಟ್ಟೆ.

ಪ್ಯಾಂಟು, ಕೋಟು ಹಾಕಿದ ದಿನಕ್ಕೆ ಸೊಂಟದ ಬಲಗಡೆ, ಪ್ಯಾಂಟಿನ ಒಳಗೆ ಕೂರುವ ಗಟ್ಟಿ ಪ್ಲಾಸ್ಟಿಕ್ಕಿನ ಒರೆ ಸರಿಹೋಯಿತು. ಜೊತೆಗೆ ದಪ್ಪನೆಯ ಬೆಲ್ಟು. ಆದರೆ ಸೀರೆಗೆ? ಅಲ್ಲಿ ಇರುವ ಆಧಾರವೆಲ್ಲ ಒಳಲಂಗದ ಲಾಡಿಯೊಂದೇ. ಇಂಟರ್‌ನೆಟ್ಟಿನಲ್ಲಿ ಹುಡುಕಿ, ಬಾಣಂತಿಯರ ಹೊಟ್ಟೆಪಟ್ಟಿಯಂಥ ಒಂದು ಅಗಲದ ಎಲಾಸ್ಟಿಕ್ ಪಟ್ಟಿ ತರಿಸಿದೆ. ಪಿಸ್ತೂಲಿಗೆ ಅದರಲ್ಲೇ ಜೇಬು. ನಿಜವಾದದ್ದನ್ನು ಅದರಲ್ಲಿ ಇಡಬೇಡಿ, ಮೊದಲು ಇದನ್ನಿಟ್ಟು ಅಭ್ಯಾಸ ಮಾಡಿ ಎಂದು ಗುರುಗಳು ಅದೇ ಅಳತೆಯ ಒಂದು ನೀಲಿ ಪ್ಲಾಸ್ಟಿಕ್ ಅಚ್ಚು ಕೊಟ್ಟರು. ಗುಂಡಿಲ್ಲ, ಕುದುರೆಯಿಲ್ಲ, ಬರೀ ಆಕಾರ.

ಕಾರ್ಲ್ಸ್‌ಬಾಡ್‌ನಲ್ಲೇ ನಾನು ಕೊಡಿಸಿದ್ದ ಒಂದು ಮನೆಯ ಗೃಹಪ್ರವೇಶ ಬಂತು. ಮನೆ ಕೊಡಿಸಿದವಳು ಸೀರೆಯುಟ್ಟು ಹೋಗದಿದ್ದರೆ ಹೇಗೆ? ಮೈಸೂರು ಸಿಲ್ಕ್ ಉಟ್ಟು, ಒಳಗೆ ಪಟ್ಟಿ ಬಿಗಿದು, ನೀಲಿ ಅಚ್ಚನ್ನು ಸೆರಗಿನಡಿ ಸೇರಿಸಿಕೊಂಡು ಹೊರಟೆ. ಕನ್ನಡಿಯಲ್ಲಿ ಎಲ್ಲ ಕಡೆಯಿಂದ ನೋಡಿಕೊಂಡಿದ್ದೆ. ಗಂಡನನ್ನೂ ಕೇಳಿದೆ.

"ಏನಾದ್ರೂ ಕಾಣ್ಸುತ್ತೇನ್ರೀ?"

"ಸ್ವಲ್ಪ ದಪ್ಪ ಆಗಿದೀಯ ಅನ್ಸುತ್ತೆ ಅಷ್ಟೇ."

ಆಯುಧ ನಿಜವಾದದ್ದಲ್ಲವೆಂಬುದು ಅವರ ಅದೃಷ್ಟ.

ಹೋಮದ ಹೊಗೆ ತಾಕಿದರೆ ಕೂಗುವ ಛಾವಣಿಯ ಸೈರನ್ನು ಸುಮ್ಮನಿರಲೆಂದು ಮನೆಯ ಯಜಮಾನ ಏಣಿ ಹತ್ತಿ ಅದಕ್ಕೆ ಪ್ಲಾಸ್ಟಿಕ್ ಕವರು ಕಟ್ಟುತ್ತಿದ್ದ. ಅವನ ಅತ್ತೆ ಉಡುಪಿ ಕಡೆಯವರು, ಮಗಳ ಮನೆಗೆಂದು ಆರು ತಿಂಗಳಿಗೆ ಬಂದವರು, ಮೂಲೆಯಲ್ಲಿ ಮಡಚುವ ಕುರ್ಚಿಯ ಮೇಲೆ ಕೂತಿದ್ದರು. ಹಿರಿಯರಲ್ಲವೇ, ಹೋಗಿ ಕಾಲಿಗೆ ಬಿದ್ದೆ. ಮಂಡಿಯೂರಿ ಹಣೆ ತಗ್ಗಿಸಿದ್ದೇ ತಡ, ಪಟ್ಟಿ ಮಡಚಿಕೊಂಡು, ನನ್ನ ಆಯುಧ ಸೆರಗಿನಡಿಯಿಂದ ಜಾರಿ ಅವರ ಪಾದದ ಪಕ್ಕ ಟಪ್ಪೆಂದು ಬಿತ್ತು. ಎಲ್ಲರೂ ಕಾಲಿಗೆ ಹೂವು ಹಣ್ಣು ಇಡುತ್ತಾರೆ, ನಾನು ಪಿಸ್ತೂಲಿಟ್ಟೆ.

ಆಂಟಿ ಕೆಳಗೆ ನೋಡಿದರು, ನನ್ನನ್ನು ನೋಡಿದರು. ಒಂದು ಕಾಲನ್ನು ಮೆಲ್ಲಗೆ ಚಾಚಿ ಅದನ್ನು ತಮ್ಮ ಸೀರೆಯ ನೆರಿಗೆಯೊಳಗೆ ಎಳೆದುಕೊಂಡು, "ದೀರ್ಘ ಸುಮಂಗಲಿ ಭವ" ಎಂದು ತಲೆ ಮುಟ್ಟಿದರು. ಆಮೇಲೆ ಅವರು ಆ ಕುರ್ಚಿ ಬಿಟ್ಟು ಏಳಲೇ ಇಲ್ಲ. ಪೂರ್ಣಾಹುತಿಗೆ ಕರೆದರು, ಏಳಲಿಲ್ಲ. ಊಟಕ್ಕೆ ಕರೆದರು, "ಮೊಣಗಂಟು ನೋವು ಮಾರಾಯ್ತಿ, ಇಲ್ಲಿಗೇ ತಾ" ಎಂದು ಮಗಳಿಂದ ಎಲೆ ತರಿಸಿಕೊಂಡರು. ನಾನು ಪಂಕ್ತಿಯಲ್ಲಿ ಕೂತು ಹೋಳಿಗೆ ನುಂಗಲಾರದೆ ಅವರ ನೆರಿಗೆಯನ್ನೇ ನೋಡುತ್ತಿದ್ದೆ. ಅವರು ಎರಡನೇ ಸಲ ಪಾಯಸ ಹಾಕಿಸಿಕೊಂಡರು.

ಎಲ್ಲರೂ ಫೋಟೋಗೆ ಹಿತ್ತಲಿಗೆ ಹೋದಾಗ ಕಣ್ಣಲ್ಲೇ ಕರೆದು ಒಳಕೋಣೆಗೆ ನಡೆದರು. ಬಾಗಿಲು ಮುಂದೆ ಮಾಡಿ, ತಾಂಬೂಲದ ಚೀಲವನ್ನು ನನ್ನ ಕೈಗಿಟ್ಟರು. ತೆಂಗಿನಕಾಯಿ, ರವಿಕೆ ಕಣ, ಅದರ ಕೆಳಗೆ ನೀಲಿ ಪಿಸ್ತೂಲು.

"ಎಂತದು ಇದು? ಆಟದ್ದಾ?"

"ಆಟದ್ದಲ್ಲ ಆಂಟಿ. ಅಭ್ಯಾಸಕ್ಕೆ. ನಿಜವಾದ್ದು ಮನೇಲಿ ಲಾಕರ್‌ನಲ್ಲಿದೆ."

"ಯಾರನ್ನು ಕೊಲ್ಲಲಿಕ್ಕುಂಟು ನಿಂಗೆ?"

ನಗಿಸಲೆಂದೇ ಕೇಳಿದ್ದು. ನಾನು ನಗಲು ಹೋಗಿ ಅತ್ತುಬಿಟ್ಟೆ. ವೆಸ್ಟ್ ಕೊವಿನಾದ ಆ ಕೋಣೆ, ನೀಟಾದ ಶರ್ಟು, ಚಿಲಕ, ಬೆವರುವ ಅಂಗೈ, ಒಂದನ್ನೂ ಬಿಡದೆ ಹೇಳಿದೆ. ಬಾಯಿಬಿಟ್ಟು ಯಾರಿಗಾದರೂ ಹೇಳಿದ್ದು ಅದೇ ಮೊದಲು. ಈ ಕೆಲಸ ಹೋದರೆ ನಾನು ಯಾರು ಅಂತ ನನಗೇ ಗೊತ್ತಾಗಲ್ಲ ಆಂಟಿ ಎಂದೂ ಹೇಳಿದೆ. ಅವರು ಉಪದೇಶ ಮಾಡಲಿಲ್ಲ. ಸೆರಗಿನ ತುದಿಯಿಂದ ನನ್ನ ಮೂಗು ಒರೆಸಿದರು.

"ಆಗ ಇದು ನಿನ್ನ ಸೊಂಟದಲ್ಲಿ ಇದ್ದಿದ್ರೆ ಎಂತ ಮಾಡ್ತಿದ್ದೆ?"

"ಗೊತ್ತಿಲ್ಲ."

"ಸರಿ. ಪರ್ಮಿಟ್ ಬರ್ಲಿಕ್ಕೆ ಇನ್ನೂ ಎಷ್ಟು ಸಮಯ ಉಂಟು?"

"ತಿಂಗಳುಗಟ್ಲೆ ಆಗತ್ತೆ ಅಂತಾರೆ."

"ಅಷ್ಟರವರೆಗೆ ನಾನು ಬರ್ತೇನೆ ನಿನ್ನೊಟ್ಟಿಗೆ. ಇಲ್ಲಿ ಮಗಳು ಅಳಿಯ ಇಬ್ರೂ ಕಂಪ್ಯೂಟರ್ ಎದ್ರು ಕೂತ್ರೆ ನಂಗೆ ಗೋಡೆ ನೋಡುದೇ ಕೆಲಸ. ಬೇರೆಯವರ ಗೋಡೆಯಾದ್ರೂ ನೋಡುವ."

ಹಾಗೆ ಮನೆ ತೋರಿಸುವ ನನ್ನ ಶನಿವಾರಗಳು ಮತ್ತೆ ಶುರುವಾದವು. ಮೊದಲ ದಿನ ಬೀಗದ ಪೆಟ್ಟಿಗೆಯ ನಂಬರನ್ನು ಎರಡು ಸಲ ತಪ್ಪು ಒತ್ತಿದೆ. ಆಂಟಿ ನನಗಾಗಿ ಕಾಯಲಿಲ್ಲ. ಬಾಗಿಲು ತೆರೆಯುತ್ತಲೇ ನನ್ನನ್ನು ದಾಟಿ, ಬಲಗಾಲಿಟ್ಟು ಒಳಗೆ ಹೋಗಿ, "ಬಾ, ಯಾರೂ ಇಲ್ಲ" ಎಂದು ಅಡುಗೆಮನೆಯಿಂದ ಕೂಗಿದರು. ಖಾಲಿ ಅಡುಗೆಮನೆಯಲ್ಲಿ ಕುರ್ಚಿ ಹಾಕಿಕೊಂಡು ಹೂಬತ್ತಿ ಹೊಸೆಯುತ್ತ ಕೂರುತ್ತಿದ್ದರು. ಬಂದವರನ್ನೆಲ್ಲ ಕನ್ನಡಕದ ಮೇಲಿಂದ ನೋಡಿ ಹಲೋ ಹೇಳುವರು. ಆಮೇಲೆ ಕನ್ನಡದಲ್ಲಿ ಜೋರಾಗಿ, "ಈ ಮನೆಗೆ ಗಾಳಿಯೇ ಇಲ್ಲ, ಬೆಲೆ ಹೆಚ್ಚಾಯ್ತು" ಎನ್ನುವರು. ಯಾರಿಗೆ ಅರ್ಥವಾಗುತ್ತದೆ ಎಂದು ನಾನು ಸುಮ್ಮನಿದ್ದೆ. ಒಂದು ದಿನ ಬಂದ ದಂಪತಿ ಕುಂದಾಪುರದವರಾಗಿದ್ದರು. ಆ ಮನೆ ಅವರು ಕೊಳ್ಳಲಿಲ್ಲ, ಆಂಟಿಯ ಫೋನ್ ನಂಬರ್ ತೆಗೆದುಕೊಂಡು ಹೋದರು.

ಒಂದು ಸಂಜೆ ಗಂಡನಿಗೂ ಎಲ್ಲ ಹೇಳಿದೆ. ಅವರು ಬಿಟ್ಟುಬಿಡು ಎನ್ನಲಿಲ್ಲ. "ಅವ್ನಿಗೆ ಮಾತ್ರ ನಾನು ಲೋಟ ಮುಚ್ತಿರ್ಲಿಲ್ಲ ಕಣೇ" ಎಂದರು. ಇಷ್ಟು ವರ್ಷದ ಸಂಸಾರದಲ್ಲಿ ಅವರ ಬಾಯಿಂದ ನಾನು ಕೇಳಿದ ಅತಿ ಘೋರವಾದ ಮಾತು ಅದು. ಅವರ ಮೇಲೆ ತುಂಬ ಪ್ರೀತಿ ಬಂತು.

ಪರ್ಮಿಟ್ ಬರುವ ಹೊತ್ತಿಗೆ ಆಂಟಿ ಊರಿಗೆ ಹೊರಟುಹೋಗಿದ್ದರು. ಗ್ಲೆಂಡೇಲ್‌ನಲ್ಲಿ ಒಂದು ಮನೆ ತೋರಿಸುವುದಿತ್ತು. ಪಿಸ್ತೂಲು ಇಟ್ಟುಕೊಂಡು ಬರಲು ಮನೆಯ ಮಾಲೀಕರ ಒಪ್ಪಿಗೆ ಪಡೆದು, ಪ್ಯಾಂಟು, ಬೆಲ್ಟು, ಕೋಟು ತೊಟ್ಟು, ನಿಜವಾದ ಪಿಸ್ತೂಲನ್ನು ಸೊಂಟದ ಬಲಗಡೆ ಕೂರಿಸಿಕೊಂಡು ಮೊದಲ ಸಲ ಒಬ್ಬಳೇ ಹೋದೆ. ದಾರಿಯಲ್ಲಿ ಪ್ರತಿ ಸಿಗ್ನಲ್ಲಿಗೂ ಮುಟ್ಟಿ ನೋಡಿಕೊಂಡೆ.

ಜನ ಬಂದರು. ಅವರಲ್ಲಿ ಒಬ್ಬಳು ಚಿಕ್ಕ ವಯಸ್ಸಿನ ಹೆಂಗಸು, ಒಂಟಿಯಾಗಿ ಮಹಡಿ ಹತ್ತಿದಳು. ಸ್ವಲ್ಪ ಹೊತ್ತಿಗೆ ಬೇರೆ ಯಾರೋ ಗಂಡಸು ಅವಳ ಹಿಂದೆಯೇ ಹತ್ತಿದ. ನಾನು ಕೆಳಗೆ ಒಬ್ಬರಿಗೆ ಗ್ಯಾರೇಜಿನ ವರ್ಣನೆ ಮಾಡುತ್ತಿದ್ದವಳು ಮಾತು ಅರ್ಧಕ್ಕೇ ಬಿಟ್ಟು ಮೆಟ್ಟಿಲು ಹತ್ತಿದೆ. ಅವನು ಪಾಪ, ಕೋಣೆಯ ಬಾಗಿಲ ಮುಂದಿನ ಕಾರಿಡಾರಿನಲ್ಲಿ ನಿಂತು ಟೇಪು ಹಿಡಿದು ಕಿಟಕಿ ಅಳೆಯುತ್ತಿದ್ದ. ಅವಳು ಮಾತ್ರ ಕೋಣೆಯ ಗೋಡೆಗೆ ಬೆನ್ನು ಹಚ್ಚಿ, ಅವನು ಯಾವಾಗ ಸರಿಯುತ್ತಾನೋ ಎಂದು ಬಾಗಿಲನ್ನೇ ನೋಡುತ್ತ ನಿಂತಿದ್ದಳು. ಆ ಮುಖ ನನಗೆ ಚೆನ್ನಾಗಿ ಗೊತ್ತಿತ್ತು. ಅವನನ್ನು ದಾಟಿ ಒಳಗೆ ಹೋಗಿ ಅವಳ ಕೈ ಹಿಡಿದುಕೊಂಡೆ. ತಣ್ಣಗಿತ್ತು. "ಬಾರಮ್ಮ, ಅಡುಗೆಮನೆ ತೋರಿಸ್ತೀನಿ" ಎಂದೆ, ಕನ್ನಡದಲ್ಲೇ. ಅವಳಿಗೆ ಏನು ಅರ್ಥವಾಯಿತೋ, ಕೈ ಬಿಡದೆ ಕೆಳಗಿನವರೆಗೂ ಬಂದಳು. ಮನೆಯೆಲ್ಲ ತೋರಿಸಿ, ನಗಿಸಿ, ಅವಳನ್ನು ಕಾರಿನವರೆಗೆ ಬಿಟ್ಟುಬಂದೆ.

ಎಲ್ಲರೂ ಹೋದ ಮೇಲೆ ಒಬ್ಬಳೇ ಕೋಣೆ ಕೋಣೆಗೂ ಹೋಗಿ ದೀಪ ಆರಿಸಿ, ಕಿಟಕಿ ಹಾಕಿ, ಬೀಗ ಹಾಕಿದೆ. ಕಾರಿನಲ್ಲಿ ಕೂತು ಸೀಟ್ ಬೆಲ್ಟ್ ಎಳೆದಾಗ ಸೊಂಟಕ್ಕೆ ಏನೋ ಗಟ್ಟಿಯಾಗಿ ಒತ್ತಿತು. ಪಿಸ್ತೂಲು ಕಟ್ಟಿಕೊಂಡು ಬಂದಿದ್ದೇನೆ ಎಂಬುದು ಆಗ ನೆನಪಾಯಿತು.