ಎದುರುಮನೆ ಹುಡುಗಿಯ ತೊಂಬತ್ತೆಂಟು

ನಾನು ಓದು ಬಿಟ್ಟದ್ದು ಸಾವಿರದ ಒಂಬೈನೂರ ಎಂಬತ್ತೇಳರಲ್ಲಿ, ಒಂಬತ್ತನೇ ತರಗತಿಯ ಅರ್ಧಕ್ಕೆ. ಅದಕ್ಕಾಗಿ ನಾಚಿಕೆಪಟ್ಟವನಲ್ಲ. ಮೊನ್ನೆ ಮಗಳು ಸೀರೆ ಇಸ್ತ್ರಿ ಮಾಡುವಾಗ ಪ್ಲಾಸ್ಟಿಕ್ ಕವರಿಗೆ ಪೆಟ್ಟಿಗೆ ತಗುಲಿ, ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಮನೆ ತುಂಬಿತು. ನಾನು ಎದ್ದು ಹೊರಗೆ ಹೋದೆ. ಹಳೆಯ ಅಂಗಡಿಯ ಎದುರುಮನೆ ಹುಡುಗಿ ನೆನಪಾದಳು...

ತೊಂಬತ್ತರ ದಶಕದ ಕೊನೆ. ಬನಶಂಕರಿಯಲ್ಲಿ, ಕಾಲೇಜೊಂದರ ಹತ್ತಿರ ನನ್ನದು ಜೆರಾಕ್ಸ್, ಲ್ಯಾಮಿನೇಶನ್ ಅಂಗಡಿ. ಹಗಲೆಲ್ಲ ನಿಂತು ದುಡಿದು ಮಾಡಿಕೊಂಡದ್ದು. ರಿಸಲ್ಟ್ ಬಂದ ದಿನ ಮುಖ ಬಾಡಿಸಿಕೊಂಡು ಬರುವ ಹುಡುಗರಿಗೆಲ್ಲ ನಾನು ಹೇಳುತ್ತಿದ್ದದ್ದು ಒಂದೇ ಮಾತು: "ಮಾರ್ಕ್ಸ್ ಯಾಕ್ರೋ ಬೇಕು? ನನ್ನ ನೋಡಿ."

ಎದುರುಮನೆ ಹುಡುಗಿ ಮಾತ್ರ ನಗುತ್ತಿದ್ದಳು. "ನಿಮ್ಗೆ ಬೇಡ ಅಣ್ಣ, ನಂಗ್ ಬೇಕು."

ಅವಳಿಗೆ ಎಂ.ಎಸ್ಸಿ. ಓದಬೇಕಿತ್ತು. ಆ ವರ್ಷವೇ ಸೀಟು ಸಿಗದಿದ್ದರೆ ಕೆಲಸಕ್ಕೆ ಸೇರಬೇಕೆಂದು ಅವಳಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಬಿ.ಎಸ್ಸಿ. ಅಂಕಪಟ್ಟಿ ಬಂತು. ಗಣಿತದಲ್ಲಿ ತೊಂಬತ್ತೆಂಟು.

"ಕೊಡಮ್ಮ ಇಲ್ಲಿ, ನೂರು ವರ್ಷ ಆದ್ರೂ ಹಾಳಾಗ್ಬಾರ್ದು," ಎಂದು ನಾನೇ ಇಸಿದುಕೊಂಡು ಲ್ಯಾಮಿನೇಟ್ ಮಾಡಿಕೊಟ್ಟೆ. ನನ್ನ ಉಡುಗೊರೆ. ಆಗ ಎಲ್ಲರೂ ಹಾಗೇ ಮಾಡಿಸುತ್ತಿದ್ದರು...

ಸೀಟು ಹಂಚುವ ದಿನ ಮಧ್ಯಾಹ್ನ ಓಡಿ ಬಂದಳು. ಸೀಟು ಅವಳಿಗೇ ಬಂದಿತ್ತು. ಆದರೆ ಒರಿಜಿನಲ್ ಅಂಕಪಟ್ಟಿಯ ಕಾಗದದ ಮೇಲೇ ಸೀಲು ಒತ್ತಬೇಕು, ಪ್ಲಾಸ್ಟಿಕ್ ಮೇಲೆ ಒತ್ತುವುದಿಲ್ಲ ಎಂದು ಗುಮಾಸ್ತರು ವಾಪಸು ಕಳಿಸಿದ್ದರು. ನಾಲ್ಕು ಗಂಟೆಯೊಳಗೆ ಬಿಡಿಸಿಕೊಂಡು ಹೋಗಬೇಕು.

"ಆಗತ್ತಾ ಅಣ್ಣ?"

"ನಾನ್ ಹಾಕಿದ್ದು, ನಾನೇ ತೆಗೀತೀನಿ."

ಮತ್ತೊಮ್ಮೆ ಮೆಷಿನ್ನಿಗೆ ಕೊಟ್ಟು ಬಿಸಿ ಮಾಡಿ, ಬ್ಲೇಡಿನಿಂದ ಅಂಚು ಬಿಡಿಸಿ ಮುಂಬದಿಯ ಪ್ಲಾಸ್ಟಿಕ್ ಎಳೆದೆ. ಅದು ಬಂತು. ಜೊತೆಗೆ ಶಾಯಿಯೂ ಬಂತು. ಉಳಿದದ್ದು ಬಿಳಿ ಕಾಗದ. ಅವಳ ಹೆಸರು, ಅಂಕಗಳು ಎಲ್ಲ ಆ ತೆಳು ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಫ್ಯಾನಿನ ಗಾಳಿಗೆ ನಡುಗುತ್ತಿದ್ದವು. ಅವಳು ಅದನ್ನು ಬೆಳಕಿಗೆ ಹಿಡಿದು, ತುಟಿಯಷ್ಟೇ ಆಡಿಸುತ್ತ, ಒಂದೊಂದೇ ಅಂಕ ಓದಿದಳು. ಆಮೇಲೆ ಕಾಗದ ತಿರುಗಿಸಿದಳು. ಹಿಂಬದಿಯಲ್ಲಿದ್ದ ಸಣ್ಣ ಇಂಗ್ಲಿಷ್ ಸಾಲಿನ ಮೇಲೆ ಬೆರಳಿಟ್ಟಳು.

"ಲ್ಯಾಮಿನೇಟ್ ಮಾಡ್ಬೇಡಿ ಅಂತ ಬರ್ದಿದೆ. ನಾನೂ ನೋಡ್ಲಿಲ್ಲ. ನೀವೂ ನೋಡ್ಲಿಲ್ವಾ ಅಣ್ಣ?"

ನೋಡಿದ್ದೆ. ಓದಲು ಬಂದಿರಲಿಲ್ಲ. ಹಾಗೆಂದು ಹೇಳಲಾಗದೆ ಬ್ಲೇಡನ್ನು ಡ್ರಾಯರಿಗೆ ಹಾಕಿದೆ.

ಸೀಟು ಬೇರೆ ಯಾರಿಗೋ ಹೋಯಿತು. ಡೂಪ್ಲಿಕೇಟ್ ಅಂಕಪಟ್ಟಿ ಬರಲು ತಿಂಗಳುಗಳೇ ಹಿಡಿದವು. ಅಷ್ಟರಲ್ಲಿ ಅವಳು ಜಯನಗರದ ಬಟ್ಟೆ ಅಂಗಡಿಯೊಂದರ ಕೌಂಟರಿನಲ್ಲಿ ನಿಂತಿದ್ದಳು. ಮರುವರ್ಷ ಅರ್ಜಿ ಹಾಕಲಿಲ್ಲ.

ನನ್ನ ಅಂಗಡಿಯಲ್ಲಿ ಇನ್ನೊಂದು ಕಾಟ ಶುರುವಾಗಿತ್ತು. ಯಾರ ಕಾರ್ಡು ಹಾಕಿದರೂ ಪ್ಲಾಸ್ಟಿಕ್ಕಿನ ಮೇಲೆ ಎಲ್ಲೋ ಒಂದು ಕಡೆ ಮಸುಕಾಗಿ ತೊಂಬತ್ತೆಂಟು. ರೋಲರಿಗೆ ಶಾಯಿ ಹಿಡಿದಿದೆಯೆಂದು ಸ್ಪಿರಿಟ್ ಹಾಕಿ ತಿಕ್ಕಿದೆ. ಹೋಗಲಿಲ್ಲ. ಎರಡೂ ರೋಲರ್ ಹೊಸದು ಹಾಕಿಸಿದೆ. ಮರುದಿನ ಶ್ರೀನಗರದ ಗಿರಾಕಿಯೊಬ್ಬ ತೀರಿಹೋದ ಅಜ್ಜಿಯ ಫೋಟೋ ತಂದ. ಲ್ಯಾಮಿನೇಟ್ ಆಗಿ ಬಂದದ್ದನ್ನು ನೋಡಿ ನಕ್ಕ.

"ಏನ್ ಗುರು, ನಮ್ಮಜ್ಜಿಗೆ ತೊಂಬತ್ತೆಂಟು ಮಾರ್ಕ್ಸ್ ಕೊಟ್ಟಿದೀಯ? ಅದೂ ಹಣೆ ಮೇಲೆ!"

ನಾನು ನಗಲಿಲ್ಲ. ಎದುರುಮನೆ ಕಡೆ ನೋಡಿದೆ. ಬಾಗಿಲಿಗೆ ಬೀಗ. ಮನೆ ಖಾಲಿ ಮಾಡಿಕೊಂಡು ಹೋಗಿದ್ದರು, ನನಗೊಂದು ಮಾತೂ ಹೇಳದೆ. ಎಲ್ಲಿಗೆಂದು ಇಂದಿಗೂ ತಿಳಿಯದು...

ಮಾರ್ಕ್ಸ್ ಬೇಕೋ ಬೇಡವೋ ಎಂದು ಹುಡುಗರು ಈಗಲೂ ಕೇಳುತ್ತಾರೆ. ನನಗೆ ಬೇಕಾಗಲಿಲ್ಲ, ನಿಜ. ಬೇಕಾಗಿದ್ದವಳದ್ದು ನನ್ನ ಕೈಯಲ್ಲೇ ಹೋಯಿತು. ನಾನು ಉತ್ತರ ಹೇಳುವುದಿಲ್ಲ.

ಈಗ ನನಗಿರುವುದು ಎರಡು ಅಂಗಡಿ, ಐದು ಜೆರಾಕ್ಸ್ ಮೆಷಿನ್, ಜೆ.ಪಿ. ನಗರದಲ್ಲಿ ಒಂದು ಸ್ವಂತ ಮನೆ, ಎಂ.ಎಸ್ಸಿ. ಓದುತ್ತಿರುವ ಒಬ್ಬಳು ಮಗಳು. ಲ್ಯಾಮಿನೇಶನ್ ಮೆಷಿನ್ ಒಂದೂ ಇಲ್ಲ.