ಪೇಂಟರ್ ಬರೆದ ವೆಬ್‌ಸೈಟು

ಬೋರ್ಡು ಬರೆದು ಮುಗಿಸಿದ ಮೇಲೆ ಹತ್ತು ಹೆಜ್ಜೆ ಹಿಂದೆ ಸರಿದು ನೋಡುವುದು ನನ್ನ ಚಟ. ಓಡುವ ಬಸ್ಸಿನ ಕಿಟಕಿಯಲ್ಲಿ ಕೂತವನು ಓದಲಾರದ ಅಕ್ಷರ ಅಕ್ಷರವೇ ಅಲ್ಲ ಎಂದು ಕೆಲಸ ಕಲಿಸಿದ ಅಬ್ಬಾ ಹೇಳುತ್ತಿದ್ದರು. ಗೋಕಾಕದ ನಮ್ಮ ಮನೆಯಲ್ಲಿ ಆಡುವುದು ಉರ್ದು, ರೊಟ್ಟಿ ಕೊಟ್ಟದ್ದು ಕನ್ನಡದ ಅಕ್ಷರ. ಹುಕ್ಕೇರಿಯ ಬಟ್ಟೆ ಅಂಗಡಿ, ಯಮಕನಮರಡಿಯ ಹೈವೇ ಮೇಲಿನ ಖಾನಾವಳಿ, ಮೂಡಲಗಿಯ ಕಬ್ಬಿನ ಟ್ರೇಲರು, ಎಲ್ಲ ಕಡೆ ನನ್ನ ಬ್ರಷ್ ಓಡಾಡಿದೆ. ಬೇಕಾದರೆ ಜಂಬ ಅನ್ನಿ, ನನಗೇನೂ ಬೇಜಾರಿಲ್ಲ.

ನಮ್ಮಲ್ಲಿ ಒಂದು ಪದ್ಧತಿಯಿತ್ತು. ಬೋರ್ಡಿನ ಕೆಳಗಿನ ಮೂಲೆಯಲ್ಲಿ ಪೇಂಟರನ ಹೆಸರು ಸಣ್ಣದಾಗಿ ಇರಬೇಕು, ಆದರೆ ಅದನ್ನು ತಾನಾಗಿ ಹಾಕಿಕೊಳ್ಳುವಂತಿಲ್ಲ. ಮಾಲಕರು ಕೆಲಸ ನೋಡಿ, ಮನಸ್ಸಿಗೆ ಬಂದರೆ, 'ಹೆಸರ ಹಾಕು' ಅನ್ನಬೇಕು. ಅದನ್ನು ಕೇಳಿಸಿಕೊಳ್ಳಲು ನಾನು ಎರಡು ದಿನದ ಕೆಲಸಕ್ಕೆ ನಾಲ್ಕು ದಿನ ಹಾಕಿದ್ದುಂಟು.

ಆಮೇಲೆ ಫ್ಲೆಕ್ಸ್ ಬಂತು. ಬೆಳಿಗ್ಗೆ ಹೇಳಿದರೆ ಮಧ್ಯಾಹ್ನಕ್ಕೆ ಬೋರ್ಡು ತಯಾರು. ನನ್ನ ಹೆಸರು ಒಂದೊಂದೇ ಮೂಲೆಯಿಂದ ಇಳಿದುಹೋಯಿತು. ಹೆಂಡತಿಯ ತಮ್ಮ ಮನೆಗಳಿಗೆ ಬಣ್ಣ ಹಚ್ಚುವ ಗುತ್ತಿಗೆದಾರ. ನನಗೊಂದು ರೋಲರ್ ತಂದುಕೊಟ್ಟು, 'ಬರ್ರಿ ಭಾವಜೀ, ಗ್ವಾಡಿ ಎಲ್ಲಿ ಹೋಗ್ತಾವು' ಅಂದ. ಒಳ್ಳೆಯ ಮನಸ್ಸಿನಿಂದಲೇ ಅಂದ. ನನಗೆ ಮಾತ್ರ ಮೈ ಉರಿದುಹೋಯಿತು. ಅಕ್ಷರ ಬರೆಯುವ ಕೈ ಗೋಡೆಗೆ ರೋಲರ್ ಎಳೆಯಬೇಕೇ? ಅದನ್ನು ಅಟ್ಟದ ಮೇಲೆ ಎಸೆದು, ಊರಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವ ಟೀಚರಮ್ಮ, ನಮ್ಮ ಕಡೆಯ ಮಾತಲ್ಲಿ ಬಾಯಿಯವರ, ಬಾಗಿಲಿಗೆ ಹೋಗಿ ನಿಂತೆ.

ಬಾಯಿಯವರು ಮೊದಲು ಟೈಪಿಂಗ್ ಕಲಿಸುತ್ತಿದ್ದರು. ಮಷಿನ್‌ಗಳು ಗುಜರಿಗೆ ಹೋದ ವರ್ಷವೇ ತಾವೇ ಕಂಪ್ಯೂಟರ್ ಕಲಿತು ಬೋರ್ಡು ಬದಲಿಸಿದ ಹೆಂಗಸು. ಆ ಬೋರ್ಡು ಬರೆದವನು ನಾನೇ. 'ಪೇಂಟರ್ ಸಾಹೇಬರ, ಅಂಗಡಿ ಬೋರ್ಡ್ ಈಗ ಫೋನಿನಾಗ ಹೋಗ್ಯಾವು. ಅಲ್ಲೇ ಬರೀರಿ' ಅಂದರು. ಹಾಗೆ ನಾನು ವೆಬ್‌ಸೈಟು ಮಾಡುವುದನ್ನು ಕಲಿತೆ. ನನ್ನ ಅರ್ಧ ವಯಸ್ಸಿನವರ ನಡುವೆ ಕೂತು, ಒಂದೇ ಬೆರಳಲ್ಲಿ ಕಲಿತೆ.

ಮೊದಲ ಕೆಲಸ ಹುಡುಕಿಕೊಂಡು ಶ್ರಾವಣದ ಆರಂಭದಲ್ಲಿ ಮೂಡಲಗಿಗೆ ಹೋದೆ. ಅಲ್ಲಿ ಕಬ್ಬಿನ ಟ್ರೇಲರ್ ಮಾಡುವ ವರ್ಕ್‌ಶಾಪಿನ ಮಾಲಕರು ನನ್ನ ಹಳೆಯ ಗಿರಾಕಿ. ಹಣೆ ತುಂಬ ವಿಭೂತಿ, ಬಾಯಿ ತುಂಬ ಬೈಗುಳ, ಕೆಲಸ ಮಾತ್ರ ಬಂಗಾರ. ವೆಬ್‌ಸೈಟು ಆಗಲೇ ಮಾಡಿಸಿಬಿಟ್ಟಿದ್ದರು. ಕಂಪ್ಯೂಟರಿಗೆ ಹಾರ ಹಾಕಿ, ಕುಂಕುಮ ಹಚ್ಚಿ, ಕಾಯಿ ಒಡೆದು ಉದ್ಘಾಟನೆ ಮಾಡಿದವರು ಆಮೇಲೆ ಅದರ ಕಡೆ ತಲೆ ಹಾಕಿರಲಿಲ್ಲ. ತೆರೆದು ನೋಡಿದೆ. ಮಾಲಕರು ಶಾಲು ಹೊದ್ದು ಕೈಮುಗಿದಿದ್ದಾರೆ, ಸುತ್ತ ಅಣ್ಣತಮ್ಮಂದಿರು, ಅಳಿಯಂದಿರು, ಹಿತೈಷಿಗಳು. ಹುಟ್ಟುಹಬ್ಬದ ಫ್ಲೆಕ್ಸೇ ಸರಿ. ಟ್ರೇಲರ್ ಮಾತ್ರ ಎಲ್ಲಿಯೂ ಇಲ್ಲ, ಫೋನ್ ನಂಬರು ಎಂದೋ ಬಿಟ್ಟುಕೊಟ್ಟದ್ದು. ನಗು ತಡೆಯಲಾಗಲಿಲ್ಲ.

ಮಾಲಕರು ಕೆಂಡವಾದರು. 'ಹಲ್ಲ ಕಿಸೀಬ್ಯಾಡ, ಮಾಡಿ ತೋರ್ಸು. ಕಬ್ಬಿನ ಕಾರ್ಖಾನಿ ಸುರು ಆಗೂದ್ರೊಳಗ, ದೀಪಾವಳಿ ಪಾಡ್ಯಕ್ಕ ಅಂತ ಇಟ್ಕೋ, ನನಗ ಗುರ್ತ ಇಲ್ಲದ ಒಬ್ಬ ಗಿರಾಕಿ ಇದನ್ನ ನೋಡಿ ನನ್ನ ಬಾಗಲಕ ಬರಬೇಕು. ಬಂದ್ರ ಇದರ ಕೆಲಸ ಕಾಯಂ ನಿಂದ. ಬರಲಿಲ್ಲಂದ್ರ ಬಂದ್ ಮಾಡಿ ಒಗೀತೇನಿ.'

ಮನೆಗೆ ಬಂದು ಹೆಂಡತಿಗೆ ಹೇಳಿದೆ, ಇದೂ ಆಗದಿದ್ದರೆ ಅಟ್ಟದ ಮೇಲಿನ ರೋಲರ್ ಇಳಿಸುತ್ತೇನೆ ಎಂದು. ಆಕೆ ಅಟ್ಟದ ಕಡೆ ನೋಡಿದಳು.

ನಾನು ಮಾಡಿದ್ದೇನು ಗೊತ್ತೇ? ತಗಡಿನ ಹಾಳೆಗಳನ್ನು ಕತ್ತರಿಸಿ, ವರ್ಷಗಟ್ಟಲೆ ಮುಟ್ಟದ ಬ್ರಷ್‌ಗಳನ್ನು ತೊಳೆದು, ವರ್ಕ್‌ಶಾಪಿನ ಹೆಸರಿನಿಂದ ಹಿಡಿದು ಟ್ರೇಲರಿನ ಅಳತೆಯವರೆಗೆ ಪ್ರತಿಯೊಂದು ಸಾಲನ್ನೂ ಬಣ್ಣದಲ್ಲಿ ಬರೆದೆ. ಕೆಂಪಿಗೆ ಹಳದಿ ಅಂಚು, ಅಂಚಿಗೆ ಕಪ್ಪು ನೆರಳು. ಎಲ್ಲದರ ಫೋಟೋ ತೆಗೆದು ವೆಬ್‌ಸೈಟಿಗೆ ಏರಿಸಿದೆ. ನೋಡಿದವರೆಲ್ಲ ವಾಹ್ ಅಂದರು. ಮಾಲಕರು 'ಚಂದ ಐತಿ' ಅಂದರು, ಹೆಸರು ಹಾಕು ಅನ್ನಲಿಲ್ಲ.

ದಿನಗಳು ಹೋದವು, ಒಂದು ನೊಣವೂ ಬರಲಿಲ್ಲ. ಬಾಯಿಯವರಲ್ಲಿಗೆ ಹೋಗಿ ಗೋಳು ತೋಡಿಕೊಂಡೆ. ಅವರು ತಮ್ಮ ಫೋನಿನಲ್ಲಿ 'ಮೂಡಲಗಿ ಕಬ್ಬಿನ ಟ್ರೇಲರ್' ಎಂದು ಹುಡುಕಿದರು. ಯಾರ್ಯಾರದೋ ಬಂತು, ನನ್ನದು ಬರಲಿಲ್ಲ. ಆಮೇಲೆ ನನ್ನ ಪುಟ ತೆರೆದು ನೋಡಿ ಹಣೆ ಚಚ್ಚಿಕೊಂಡರು.

'ಇದೆಲ್ಲಾ ಚಿತ್ರ ಅಲ್ರಿ! ಹುಡುಕೂ ಮಷಿನ್‌ಗೆ ನಿಮ್ಮ ಬಣ್ಣದ ಅಕ್ಷರ ಕಾಣಂಗಿಲ್ಲ. ಟೈಪ್ ಮಾಡಿದ್ದಷ್ಟ ಅದಕ್ಕ ಓದಾಕ ಬರತೈತಿ.'

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಓಡುವ ಬಸ್ಸಿನಲ್ಲಿ ಕೂತವರು ಓದಿದ ನನ್ನ ಅಕ್ಷರವನ್ನು ಈ ಮಷಿನ್ ಓದುವುದಿಲ್ಲವಂತೆ! ಎರಡು ದಿನ ಕಂಪ್ಯೂಟರ್ ಮುಟ್ಟಲಿಲ್ಲ. ಮೂರನೆಯ ದಿನ, ಅಬ್ಬಾ ಹೇಳಿದ್ದು ಓದುವವನ ಕಣ್ಣಿನ ಮಾತು, ನನ್ನ ಕೈಯ ಮಾತಲ್ಲ ಎಂದು ತಲೆಗೆ ಹೋಯಿತು. ಯಾರು ಓದಬೇಕೋ ಅವರಿಗೆ ಓದಲು ಬರದಿದ್ದರೆ ತಪ್ಪು ನನ್ನದೇ. ಸಿಟ್ಟಿನ ಜಾಗಕ್ಕೆ ನಾಚಿಕೆ ಬಂತು.

ವರ್ಕ್‌ಶಾಪಿನ ಕಟ್ಟೆಯ ಮೇಲೆ ವಾರಗಟ್ಟಲೆ ಕೂತೆ. ಬಂದ ರೈತರು ಕೇಳುವುದನ್ನು ಅವರ ಬಾಯಿಂದ ಬಂದ ಹಾಗೇ ಬರೆದುಕೊಂಡೆ. 'ಎಷ್ಟ ಟನ್ ತಡೀತೈತಿ?' 'ಹಿಂದಿನ ಫಳಿ ಹೆಂಗ ತೆರೀತೈತಿ?' 'ಎಷ್ಟ ದಿನದಾಗ ಕೊಡ್ತೀರಿ?' ಪ್ರಶ್ನೆಯನ್ನೂ ಉತ್ತರವನ್ನೂ ಒಂದೇ ಬೆರಳಲ್ಲಿ ಟೈಪ್ ಮಾಡಿದೆ. ಮಾಲಕರ ಬಳಗವನ್ನು ಒಂದು ಸಣ್ಣ ಫೋಟೋಕ್ಕೆ ಇಳಿಸಿ ಕಟ್ಟಕಡೆಗೆ ಕೂರಿಸಿದೆ. ಅದಕ್ಕಾಗಿ ಬೈಸಿಕೊಂಡೆ, ಆದರೆ ಬದಲಿಸಲಿಲ್ಲ.

ಅಮಾವಾಸ್ಯೆಗೆ ಆ ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಬಂದ್. ಮಷಿನ್ ಒರೆಸಿ, ಎಣ್ಣೆ ಬಿಟ್ಟು, ನಿಂಬೆಹಣ್ಣು ಕಟ್ಟಿ ಪೂಜೆ ಮಾಡುತ್ತಾರೆ. ನನ್ನ ಮಷಿನ್ನಿಗೂ, ಅಂದರೆ ವೆಬ್‌ಸೈಟಿಗೂ, ಅದೇ ದಿನ ಗೊತ್ತು ಮಾಡಿಕೊಂಡೆ. ದಸರೆಗೆ ಮುಂಚಿನ ಮಾನವಮಿ ಅಮಾವಾಸ್ಯೆಗೆ ಹಳೆಯ ಫೋಟೋ ತೆಗೆದು ಹೊಸ ಟ್ರೇಲರಿನದು ಹಾಕಿದೆ, ದಿನಾಂಕ ಬರೆದೆ, ಅಲ್ಲಿದ್ದ ನಂಬರಿಗೆ ನಾನೇ ಫೋನ್ ಮಾಡಿ ಮಾಲಕರು ಎತ್ತುತ್ತಾರೋ ಇಲ್ಲವೋ ನೋಡಿದೆ. ಎತ್ತಿದರು, ಬೈದರು. ನಂಬರು ಸರಿಯಾಗಿದೆ ಅಂದುಕೊಂಡೆ.

ದೀಪಾವಳಿ ಅಮಾವಾಸ್ಯೆ ಬಂತು. ಮರುದಿನವೇ ಪಾಡ್ಯ. ಪೂಜೆ ಮುಗಿದಿತ್ತು, ನಾನು ಆಫೀಸಿನ ಕಂಪ್ಯೂಟರಿನ ಮುಂದೆ ಕೂತಿದ್ದೆ. ಮಾಲಕರು ಪ್ರಸಾದ ಹಂಚುತ್ತಿದ್ದರು. ಆಗ ಒಬ್ಬ ಹೆಣ್ಣುಮಗಳು ಟ್ರ್ಯಾಕ್ಟರ್ ಹೊಡೆದುಕೊಂಡು ಒಳಗೆ ಬಂದಳು. ಇಳಕಲ್ ಸೀರೆ, ಕೈಯಲ್ಲಿ ಫೋನು.

'ನಾವು ದೂರ ಹಿಡಕಲ್ ಡ್ಯಾಮ್ ಕಡೆಯವರ್ರಿ. ಇವತ್ತ ಅಮಾಸಿ, ಹೊಲದ ಕೆಲಸ ಇಲ್ಲ, ಅದಕ ಬಂದೆ. ಈ ಫೋಟೋದಾಗಿನ ಟ್ರೇಲರ್ ನೋಡಬೇಕಾಗಿತ್ತು.'

ಮಾಲಕರು ನನ್ನ ಕಡೆ ನೋಡಲಿಲ್ಲ. 'ಯಾರ್ ಹೇಳಿದ್ರವಾ ನಮ್ಮಲ್ಲಿಗೆ ಬರಾಕ?'

'ಯಾರ್ ಹೇಳ್ತಾರ್ರಿ? ಫೋನಿನಾಗ ಹುಡುಕಿದೆ. ಬ್ಯಾರೆಯವರದೂ ಬಂದ್ವು, ಆದ್ರ ಫೋಟೋ ಯಾ ಕಾಲದ್ದೋ ಏನೋ. ನಿಮ್ದು ಹೋದ ಅಮಾಸಿಗೆ ಹಾಕಿದ್ದು. ಈ ಅಂಗಡಿ ನಡದೈತಿ, ಹೋದ್ರ ಯಾರರ ಇರ್ತಾರ ಅನಿಸ್ತು. ನಾ ಕೇಳಬೇಕಂದದ್ದೂ ಎಲ್ಲಾ ಅದರಾಗ ಬರದಿತ್ತು.'

ಆಕೆ ಟ್ರೇಲರಿನ ಹಿಂದಿನ ಬಾಗಿಲಿನಂಥ ಫಳಿಯನ್ನು ಎರಡು ಸಲ ತೆರೆದು ಮುಚ್ಚಿ, ತನಗೂ ಅಂಥದೊಂದು ಮಾಡಿಕೊಡಲು ಹೇಳಿ ಹೋದಳು. ಮಾಲಕರು ಬಂದು ನನ್ನ ಬೆನ್ನ ಹಿಂದೆ ನಿಂತರು. ಪರದೆಯನ್ನು ಮೇಲಿಂದ ಕೆಳಗೆ, ತಮ್ಮ ಬಳಗದ ಸಣ್ಣ ಫೋಟೋದವರೆಗೂ, ನಿಧಾನವಾಗಿ ನೋಡಿದರು.

'ಮೂಲಿ ಖಾಲಿ ಐತಲ್ಲೋ ಪೇಂಟರ್' ಅಂದರು. 'ಹೆಸರ ಹಾಕು.'

ಬಣ್ಣದಲ್ಲಿ ಬರೆಯಲಿಲ್ಲ. ಒಂದೇ ಬೆರಳಲ್ಲಿ, ತಪ್ಪಿಲ್ಲದೆ, ಟೈಪ್ ಮಾಡಿದೆ. ಆಮೇಲೆ ಕುರ್ಚಿ ಬಿಟ್ಟೆದ್ದು, ಚಟ ಬಿಡಬೇಕಲ್ಲ, ಹತ್ತು ಹೆಜ್ಜೆ ಹಿಂದೆ ಸರಿದು ನಿಂತು ನೋಡಿದೆ. ಅಲ್ಲಿಂದ ನನ್ನ ಹೆಸರು ಕಾಣಲಿಲ್ಲ. ಹಿಡಕಲ್‌ನಿಂದ ಕಾಣುತ್ತದೆ.